ಹೂಜಿಯಲ್ಲಿ ಇಲ್ಲದ ಹಕ್ಕಿ

"ಬುದ್ಧಿ, ಆ ಮುದುಕನ್ನ ಯಾವಾಗ ಹೊರಗೆ ಹಾಕೋಣ?"

ಶಿವಮಲ್ಲು ಕೇಳಿದ್ದು ಇಷ್ಟೇ. ಮಠದ ಬಾಗಿಲು ಕಾಯೋ ಶಿಷ್ಯ ಅವನು. ಒಳಗೆ ಬರೋರನ್ನೆಲ್ಲ ಒಂದು ಸಲ ಮೂಸಿ ನೋಡೋದು ತನ್ನ ಧರ್ಮ ಅಂತ ನಂಬಿದ್ದ.

ಮುದುಕ ಬಂದು ಮೂರು ದಿನ ಆಗಿತ್ತು. ಮಠ ಕಟ್ಟಿ ಲಿಂಗೈಕ್ಯರಾದ ದೊಡ್ಡಯ್ಯನವರ ಸೇವೆ ಹನ್ನೆರಡು ವರ್ಷ ಮಾಡಿದೀನಿ, ಸಾಯೋವರೆಗೂ ಇಲ್ಲೇ ಒಂದು ಮೂಲೆ ಕೊಡಿ ಅಂತ ಜಗಲಿ ಮೇಲೆ ಕೂತಿದ್ದ. ಅವನಿಗೆ ಬೇರೆ ಜಾಗ ಇರಲಿಲ್ಲ. ಹೊರಗೆ ಹಾಕಿದ್ರೆ ಮುಂದಿನದು ಬರೀ ರಸ್ತೆ.

"ಬರೀ ಸುಳ್ಳ ಅವನು, ಬುದ್ಧಿ," ಅಂದ ಶಿವಮಲ್ಲು. "ದೊಡ್ಡಯ್ಯನವರು ಚೌಕಾಬಾರದಲ್ಲಿ ಕಾಯಿ ಕದ್ದು ಸರಿಸ್ತಿದ್ರಂತೆ. ಗೊರಕೆ ಹೊಡೀತಿದ್ರಂತೆ. ನಮ್ಮ 'ದೊಡ್ಡಯ್ಯನವರ ಸಚಿತ್ರ ಚರಿತ್ರೆ' ನೂರಾ ನಲವತ್ತು ಪುಟ ಇದೆ. ನಾನು ಬಾಯಿಪಾಠ ಮಾಡಿದೀನಿ. ಒಂದು ಪುಟದಲ್ಲೂ ಗೊರಕೆ ಇಲ್ಲ."

"ಗೊರಕೆ ಚಿತ್ರ ಬರೆಯೋದು ಕಷ್ಟ ಕಣೋ."

"ತಮಾಷೆ ಬೇಡಿ. ನಿಮಗೆ ಅವನ ಗುರುತು ಸಿಕ್ತಾ, ಹೇಳಿ."

"ಇಲ್ಲ."

"ಸಾಕಲ್ಲ ಮತ್ತೆ!"

"ಕೂತ್ಕೋ," ಅಂದ್ರು ಗುರುಗಳು.

ಶಿವಮಲ್ಲುಗೆ ಗುಮಾನಿ ಬಂತು. ಗುರುಗಳು ಕೂತ್ಕೋ ಅಂದ್ರೆ ಕತೆ. ಕತೆ ಅಂದ್ರೆ ಕೊನೆಗೆ ಯಾರದಾದ್ರೂ ತಲೆಗೆ ಒಂದು ಮೊಟಕು. ಸುತ್ತ ನೋಡಿದ. ಅಲ್ಲಿದ್ದದ್ದು ಎರಡೇ ತಲೆ. ಕೂತ.

ಗುರುಗಳು ಶುರು ಮಾಡಿದ್ರು.

ಸಮುದ್ರದಾಚೆ ಒಂದು ದೇಶ. ಅಲ್ಲಿ ಒಬ್ಬ ಸಾಹುಕಾರ. ಗ್ರೀಕರು ಹಿಂದಿನ ಕಾಲದಲ್ಲಿ ಮಾಡಿದ ಮಣ್ಣಿನ ಹೂಜಿ ಅಂದ್ರೆ ಅವನಿಗೆ ಪ್ರಾಣ. ರೈತರು ಹೊಲ ಅಗೆಯುವಾಗ ಹಳೇ ಗೋರಿಯೊಳಗೆ ಅವು ಸಿಗ್ತಿದ್ದವು. ಕಪ್ಪು ಮೈ, ಅದರ ಮೇಲೆ ಕೆಂಪು ಬಣ್ಣದ ಗಂಡಸರು, ಹೆಂಗಸರು, ಕುದುರೆಗಳು. ಸಾಹುಕಾರ ಒಬ್ಬ ಚಿತ್ರಗಾರನ್ನ ಕರೆದ. "ಇವೆಲ್ಲ ಬರೆದುಕೊಡು, ಕ್ಯಾಟಲಾಗ್ ಅಚ್ಚು ಹಾಕಿಸ್ತೀನಿ," ಅಂದ.

ಹೂಜಿ ದುಂಡಗಿರುತ್ತೆ, ಮಲ್ಲು. ಕುದುರೆ ಮೂತಿ ಈ ಕಡೆ ಇದ್ರೆ ಬಾಲ ಆ ಕಡೆ. ನೋಡಬೇಕು ಅಂದ್ರೆ ಹೂಜಿ ತಿರುಗಿಸಬೇಕು, ಇಲ್ಲ ನಾವೇ ಸುತ್ತು ಹಾಕಬೇಕು. ಕಾಗದಕ್ಕೆ ಆ ಗೋಳಿಲ್ಲ. ಚಿತ್ರಗಾರ ಹೂಜಿ ಮೈಯನ್ನ ಚಾಪೆ ಬಿಚ್ಚಿದ ಹಾಗೆ ಬಿಚ್ಚಿ ಹಾಸಿದ. ಸುತ್ತ ಒಂದು ಚೌಕಟ್ಟು ಎಳೆದ. ಸೊಟ್ಟ ಮೂಗು ನೆಟ್ಟಗಾಯ್ತು. ಗೀರು, ಕಲೆ ಎಲ್ಲ ಮಾಯ.

ಒಂದು ಹೂಜಿ ಮೇಲೆ ಕೈ ಚಾಚಿ ನಿಂತ ಒಬ್ಬ ಹೆಂಗಸು. ಕೈಯ ಮುಂದೆ ಅಂಗೈಯಷ್ಟು ಚೂರು ಒಡೆದು ಬಿದ್ದುಹೋಗಿತ್ತು. ಅಲ್ಲಿ ಏನಿತ್ತೋ ದೇವರಿಗೇ ಗೊತ್ತು. ಚಿತ್ರಗಾರ ಯೋಚನೆ ಮಾಡಿ ಕಾಗದದ ಮೇಲೆ ಅಲ್ಲೊಂದು ಹಕ್ಕಿ ಕೂರಿಸಿದ.

"ಮೋಸ!" ಅಂದ ಶಿವಮಲ್ಲು.

"ಹಕ್ಕಿ ಚೆನ್ನಾಗಿತ್ತು," ಅಂದ್ರು ಗುರುಗಳು.

ಕ್ಯಾಟಲಾಗು ದೂರದ ಒಂದು ಚಳಿ ಊರಿಗೆ ಹೋಯ್ತು. ಆ ಊರಲ್ಲಿ ಅಸಲಿ ಹೂಜಿ ಕಂಡವರು ಒಬ್ಬರೂ ಇಲ್ಲ. ಆದ್ರೆ ದೊಡ್ಡ ಮನೆಗಳಲ್ಲೆಲ್ಲ ಕ್ಯಾಟಲಾಗ್ ಬಂತು. ಬಡಗಿ ಅದು ನೋಡಿ ಕುರ್ಚಿ ಕಾಲು ಕೆತ್ತಿದ. ಕುಂಬಾರ ಅದು ನೋಡಿ ತಟ್ಟೆ, ಟೀ ಕಪ್ಪು ಮಾಡಿದ. ಗೋಡೆಗೆ ಬಣ್ಣ ಬಳಿಯೋನು ಅದನ್ನೇ ಬಳಿದ, ಬಟ್ಟೆಗೆ ಅಚ್ಚು ಒತ್ತೋನು ಅದನ್ನೇ ಒತ್ತಿದ. ಹೆಂಗಸರು ಹೂಜಿ ಹೆಂಗಸರ ಹಾಗೆ ತುರುಬು ಕಟ್ಟಿ, ಚಳಿಯಲ್ಲಿ ತೆಳ್ಳನೆ ಬಟ್ಟೆ ಉಟ್ಟು, ಸೀನ್ತಾ ಓಡಾಡಿದ್ರು. ಎಲ್ಲಕ್ಕಿಂತ ಹಿಡಿಸಿದ್ದು ಹಕ್ಕಿ. ಬಾಗಿಲ ಮೇಲೆ ಹಕ್ಕಿ, ಬಾಚಣಿಗೆ ಮೇಲೆ ಹಕ್ಕಿ, ಗೋರಿ ಕಲ್ಲಿನ ಮೇಲೂ ಹಕ್ಕಿ. ಆ ಊರಲ್ಲಿ ಕಾಗೆಗಿಂತ ಅದೇ ಜಾಸ್ತಿ ಆಗೋಯ್ತು.

ಹೂಜಿ ಹುಚ್ಚು ಹೆಚ್ಚಿದ ಮೇಲೆ ನಕಲಿ ಮಾರೋರೂ ಹೆಚ್ಚಿದ್ರು. ಊರಿನವರು ಒಂದು ಕಟ್ಟಳೆ ಮಾಡಿದ್ರು. ಯಾರೇ ಹೂಜಿ ತಂದ್ರೂ ಕ್ಯಾಟಲಾಗ್ ಪಕ್ಕದಲ್ಲಿಟ್ಟು ನೋಡಬೇಕು. ತಾಳೆ ಆಗದೆ ಹೋದ್ರೆ ಹೂಜಿನ ಸಂತೆಮಾಳದಲ್ಲಿ ಒಡೆದು, ತಂದವನ್ನ ತಮಟೆ ಹೊಡ್ಕೊಂಡು ಊರಾಚೆ ಅಟ್ಟಬೇಕು.

ಅಷ್ಟರಲ್ಲಿ ಸಾಹುಕಾರ ಸತ್ತ. ಸಾಯೋ ಮುಂಚೆ, ಹಕ್ಕಿ ಬರೆಸಿಕೊಂಡ ಆ ಹೂಜಿನ, ಅದು ಯಾರ ಹೊಲದಲ್ಲಿ ಸಿಕ್ಕಿತ್ತೋ ಆ ರೈತನಿಗೇ ವಾಪಸ್ ಕೊಟ್ಟಿದ್ದ. ರೈತ ಅದನ್ನ ಹುಲ್ಲಲ್ಲಿ ಸುತ್ತಿ, ಬೆನ್ನ ಮೇಲೆ ಹೊತ್ತು, ನಡ್ಕೊಂಡು ಆ ಚಳಿ ಊರಿಗೆ ಬಂದ. ಇದರ ಬೆಲೆ ಗೊತ್ತಿರೋ ಜನ ಅಲ್ಲಿದಾರೆ ಅಂತ ಯಾರೋ ಹೇಳಿದ್ರು ಅವನಿಗೆ.

ಪರೀಕ್ಷೆ ಮಾಡೋ ವ್ಯಾಪಾರಿ ಕ್ಯಾಟಲಾಗ್ ಬಿಚ್ಚಿದ. ಪುಟ ನೋಡಿದ, ಹೂಜಿ ನೋಡಿದ.

"ಹಕ್ಕಿ ಎಲ್ಲಯ್ಯ?"

"ಯಾವ ಹಕ್ಕಿ ಸ್ವಾಮಿ?"

"ಕೇಳಿದ್ರೇನ್ರಪ್ಪಾ, ಹಕ್ಕಿ ಗೊತ್ತೇ ಇಲ್ವಂತೆ ಇವನಿಗೆ!"

"ಅಲ್ಲಿ ತೂತಿದೆಯಲ್ಲ ಸ್ವಾಮಿ..."

"ಹಳೇದು ಅನ್ನಿಸಲಿ ಅಂತ ನೀನೇ ಕೊರೆದಿದೀಯ. ಮೂಗು ನೋಡು, ಸೊಟ್ಟ. ಕುದುರೆಗೆ ಬಾಲವೇ ಇಲ್ಲ."

"ಬಾಲ ಆ ಕಡೆ ಇದೆ. ಒಂಚೂರು ತಿರುಗಿಸಿ ನೋಡಿ, ದಮ್ಮಯ್ಯ."

"ತಿರುಗಿಸೋದಾ? ಪುಸ್ತಕದಲ್ಲಿ ನಾವು ತಿರುಗಿಸ್ದೆ ಎಲ್ಲಾ ಕಾಣುತ್ತೆ. ನಿನ್ನ ಹೂಜಿಯಲ್ಲಿ ಮಾತ್ರ ಯಾಕೆ ತಿರುಗಿಸಬೇಕು? ಏನೋ ಬಚ್ಚಿಟ್ಟಿದೀಯ."

ರೈತ ಬಾಯಿ ಬಿಟ್ಟಷ್ಟೂ ಕಳ್ಳ ಆದ. ಆಮೇಲೆ ಸುಮ್ಮನಾದ. ಸುಮ್ಮನಾಗಿದ್ದಕ್ಕೂ ಕಳ್ಳ ಆದ.

ಗುಂಪಿನಿಂದ ಒಬ್ಬ ಮುದುಕ ಮುಂದೆ ಬಂದ. ಅದೇ ಚಿತ್ರಗಾರ. ಕೆಲಸ ಹುಡುಕ್ಕೊಂಡು ಬಂದು ಆ ಊರಲ್ಲೇ ಉಳಿದಿದ್ದ. "ನಿಲ್ಲಿಸ್ರಪ್ಪ," ಅಂದ. "ಇದು ಅಸಲಿ. ಹಕ್ಕಿ ನಾನು ಸೇರಿಸಿದ್ದು."

ವ್ಯಾಪಾರಿ ಕ್ಯಾಟಲಾಗಿನ ಮೊದಲ ಪುಟ ತೆಗೆದ. ಅಲ್ಲಿ ಚಿತ್ರಗಾರನ ಮುಖ ಇತ್ತು. ಗುಂಗುರು ಕೂದಲು, ತುಂಬಿದ ಕೆನ್ನೆ. ಪುಸ್ತಕಕ್ಕೆ ಅಚ್ಚು ಕೆತ್ತಿದವನು ಇವನನ್ನೂ ತಿದ್ದಿಬಿಟ್ಟಿದ್ದ. ಎದುರಿಗಿದ್ದವನ ತಲೆ ಬೋಳು, ಬಾಯಲ್ಲಿ ನಾಲ್ಕು ಹಲ್ಲು.

"ಇಬ್ಬರೂ ಒಂದೇ ಗ್ಯಾಂಗು," ಅಂದ ವ್ಯಾಪಾರಿ.

ಹೂಜಿ ಒಡೆದ್ರು. ಚೂರುಗಳನ್ನ ರಸ್ತೆ ಗುಂಡಿಗೆ ಸುರಿದು ಮೇಲೆ ಮಣ್ಣು ಎಳೆದ್ರು. ವ್ಯಾಪಾರಿ ಮನೆಗೆ ಹೋಗಿ ಹಕ್ಕಿ ಇರೋ ಕಪ್ಪಲ್ಲಿ ಟೀ ಕುಡಿದ. ಒಳ್ಳೇ ಕೆಲಸ ಮಾಡಿದ ದಿನ ಟೀ ರುಚಿ ಜಾಸ್ತಿ.

ತಮಟೆ ಸದ್ದು ಹಿಂದೆ ಬಿದ್ದ ಮೇಲೆ ರೈತ ಕೇಳಿದ, "ನನ್ನ ಹೂಜಿಗೆ ಯಾಕೆ ಸ್ವಾಮಿ ಹಕ್ಕಿ ಬರೆದ್ರಿ?"

"ಬರಿಗೈ ನೋಡೋಕಾಗಲಿಲ್ಲಪ್ಪ," ಅಂದ ಚಿತ್ರಗಾರ.

ಗುರುಗಳು ಅಲ್ಲಿಗೆ ನಿಲ್ಲಿಸಿದ್ರು.

ಶಿವಮಲ್ಲು ತಲೆ ಕೆರ್ಕೊಂಡ. ಮೊಟಕು ಯಾವ ಕಡೆಯಿಂದ ಬರ್ತಿದೆ ಅಂತ ಅವನಿಗೆ ಗೊತ್ತಾಗಿತ್ತು. ಆದ್ರೆ ಅಷ್ಟು ಸುಲಭಕ್ಕೆ ತಲೆ ಕೊಡೋ ಜಾತಿ ಅಲ್ಲ ಅವನು. ಕತೆಯಲ್ಲಿ ಒಂದು ಸಂದು ಕಂಡಿತ್ತು ಅವನಿಗೆ. ಅದರಲ್ಲೇ ನುಸುಳಿದ.

"ಆಯ್ತು ಬುದ್ಧಿ. ಆ ಊರಲ್ಲಿ ಹೂಜಿ ಕಂಡವರು ಯಾರೂ ಇರಲಿಲ್ಲ, ಪುಸ್ತಕ ನಂಬಿದ್ರು, ಕೆಟ್ಟರು. ನಮ್ಮ ಕತೆ ಹಾಗಲ್ಲವಲ್ಲ. ಪುಸ್ತಕ ಬಿಟ್ಟಾಕಿ. ಇಲ್ಲಿ ನೀವಿದೀರ. ದೊಡ್ಡಯ್ಯನವರ ಜೊತೆ ಇದ್ದವರು ನೀವು. ಈ ಮುದುಕ ನಿಜವಾಗ್ಲೂ ಸೇವೆ ಮಾಡಿದ್ರೆ ನಿಮಗೆ ಅವನ ಗುರುತು ಇರಲೇಬೇಕಿತ್ತು. ನಿಮಗೆ ಇಲ್ಲ. ಅಂದ್ಮೇಲೆ ಅವನು ಕಳ್ಳನೇ. ಈಗ್ಲೇ ಹೋಗಿ ಗಂಟುಮೂಟೆ ಕಟ್ಟಿಸ್ತೀನಿ."

"ನಾನು ಜೊತೆ ಇದ್ದೆ ಅಂತ ನಿನಗೆ ಹೆಂಗೆ ಗೊತ್ತು?"

"ಅಯ್ಯೋ, ಇದೇನ್ ಬುದ್ಧಿ ಹಿಂಗೆ ಕೇಳ್ತೀರ? ಊರಿಗೇ ಗೊತ್ತು. ದೊಡ್ಡಯ್ಯನವರು ಪ್ರಾಣ ಬಿಡೋವಾಗ ಪಾದ ಹಿಡ್ಕೊಂಡು ಕೂತಿರೋ ಶಿಷ್ಯ ನೀವೇ ಅಲ್ವಾ? ಚರಿತ್ರೆ ಪುಸ್ತಕದಲ್ಲಿ ಚಿತ್ರವೇ ಇದೆಯಲ್ಲ!"

ಗುರುಗಳು ಎದ್ದು, ಜಗಲಿ ಕಡೆ ಒಂದು ಸಲ ನೋಡಿ, ಅಂದ್ರು:

"ಆ ಪುಟ ಬರೆಯೋವಾಗ ಪಾದದ ಹತ್ರ ಜಾಗ ಖಾಲಿ ಇತ್ತು ಕಣೋ ಮಲ್ಲು."