ಬಾಯಿ ಬಿಡದ ಸ್ವಿಚ್ಚು

ಹೊಳೆದಂಡೆಯ ಆ ಮಠದಲ್ಲಿ ಜನ ದೇವರಿಗಿಂತ ಹೆಚ್ಚಾಗಿ ಬಾಯ್ಲರಿಗೇ ಹೆದರುತ್ತಿದ್ದರು. ದಾಸೋಹದ ಅನ್ನವೆಲ್ಲ ಅದರ ಉಗಿಯಲ್ಲೇ ಬೇಯಬೇಕು. ಹಿಂದೆ ಅದನ್ನು ನೋಡಿಕೊಳ್ಳುತ್ತಿದ್ದ ರಾಚಯ್ಯನ ಮುಖ ಅರ್ಧ ಬೆಂದಿತ್ತು. ಅವನು ಈಗ ಅಡುಗೆಮನೆಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

ಆ ಕೆಲಸ ಶಿಷ್ಯ ಸೋಮಲಿಂಗನ ಪಾಲಿಗೆ ಬಂದಿತ್ತು. ಕಲಿಸಿದವರು ಮಠದ ಗುರು ಚನ್ನವೀರಜ್ಜ.

ಒಂದು ಮಧ್ಯಾಹ್ನ, ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಬಾಯ್ಲರ್ ತಾನಾಗಿ ನಿಂತುಹೋಯಿತು.

ಅಡುಗೆಯ ಶಿವಕ್ಕ ಬಾಗಿಲಿಗೆ ಬಂದಳು. "ಅಕ್ಕಿ ಇನ್ನೂ ಅಕ್ಕಿನೇ ಐತಿ, ತಮ್ಮಾ. ಜನ ಬಂದು ಕುಂತಾರ."

"ಮಾಡ್ತೀನಿ, ಯಕ್ಕಾ," ಎಂದ ಸೋಮಲಿಂಗ.

ಮೇನ್ ಸ್ವಿಚ್ಚು ಇಳಿಸಿ ಮಲ್ಟಿಮೀಟರ್ ಹಿಡಿದ. ಕಲಿತಂತೆ ಮೊದಲು ಅದರ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದ. ಮೀಟರ್ ಕೂಗಿತು. ಕರೆಂಟಿನ ಹಾದಿ ಕೂಡಿದ್ದರೆ ಅದು ಕೂಗುತ್ತದೆ, ಕಡಿದಿದ್ದರೆ ಸುಮ್ಮನಿರುತ್ತದೆ.

ಫ್ಯೂಸಿಗೆ ಹಿಡಿದ, ಕೂಗಿತು. ನೀರು ಕಾಯಿಸುವ ಕಾಯಿಲಿಗೆ ಹಿಡಿದ, ಕೂಗಿತು. ನೀರಿನ ಸ್ವಿಚ್ಚಿಗೆ ಹಿಡಿದ. ಮೀಟರ್ ಉಸಿರೆತ್ತಲಿಲ್ಲ.

ಬಾಯ್ಲರಿನೊಳಗೆ ನೀರು ಇಳಿದರೆ ಕರೆಂಟು ಕಡಿಯುವುದು ಆ ಸ್ವಿಚ್ಚಿನ ಕೆಲಸ. ಸೋಮಲಿಂಗ ಒಳಗಿನ ನೀರಿನ ಮಟ್ಟ ತೋರಿಸುವ ಪಕ್ಕದ ಗಾಜಿನ ಕೊಳವೆಯತ್ತ ನೋಡಿದ. ಅರ್ಧಕ್ಕೆ ನೀರಿನ ಗೆರೆ ಕಂಡಿತು. ನೀರಿದೆ, ಸ್ವಿಚ್ಚು ಕಡಿದಿದೆ. ಅಂದಮೇಲೆ ಕೆಟ್ಟಿರುವುದು ಸ್ವಿಚ್ಚೇ.

ಅವನಿಗೆ ಬಾಯ್ಲರಿನ ಭಯ ಇದ್ದೇ ಇತ್ತು. ಹಸಿದು ಕೂತವರ ಭಯ ಅದನ್ನು ಮೀರಿಸಿತು. ಒಂದು ತುಂಡು ತಂತಿ ತಂದು ಸ್ವಿಚ್ಚಿನ ಎರಡು ತುದಿಗೂ ಸೇರಿಸಿ ಕಟ್ಟಿದ. ಕಡ್ಡಿ ಹಿಡಿದರೆ ಮೀಟರ್ ಈಗ ಚೆನ್ನಾಗಿಯೇ ಕೂಗಿತು.

ಅಷ್ಟರಲ್ಲಿ ಅಜ್ಜ ಬಂದರು.

"ಏನಾಗಿತ್ತಪಾ?"

"ನೀರಿನ ಸ್ವಿಚ್ಚು ಕೆಟ್ಟಿತ್ರಿ, ಅಜ್ಜಾರ. ಉಳಿದವೆಲ್ಲ ಮಾತಾಡಿದವು, ಇದೊಂದು ಬಾಯಿ ಬಿಡಲಿಲ್ಲ. ತಂತಿ ಕಟ್ಟಿ ಸರಿ ಮಾಡೀನ್ರಿ."

ಅಜ್ಜ ತಂತಿ ನೋಡಿದರು. ಗಾಜು ನೋಡಿದರು. ಹೆಗಲ ಮೇಲಿನ ಕಂಬಳಿ ತೆಗೆದು ಬಾಯ್ಲರಿನ ಬುಡದಲ್ಲೇ ಹಾಸಿ ಕುಳಿತರು.

"ಹಂಗಾರ ಹಚ್ಚು."

ಸೋಮಲಿಂಗ ಮೇನಿನ ಹಿಡಿಕೆಗೆ ಕೈ ಇಟ್ಟ. ಎತ್ತಲು ಆಗಲಿಲ್ಲ.

"ಅಜ್ಜಾರ, ಅಲ್ಲಿಂದ ಏಳ್ರಿ."

"ಯಾಕ?"

"ಏನರ ಆದ್ರ..."

"ಸರಿ ಮಾಡೀನಿ ಅಂದ್ಯಲ್ಲ?"

"ಸರಿ ಮಾಡೀನ್ರಿ. ಆದರೂ ನೀವು ಆ ಕಡೆ ಕುಂದರ್ರಿ."

"ನನಗ ಇಲ್ಲೇ ಬೆಚ್ಚಗ ಐತಿ. ಹಚ್ಚು. ಜನ ಹಸದಾರ."

ಸೋಮಲಿಂಗನಿಗೆ ರಾಚಯ್ಯನ ಮುಖ ಕಣ್ಣ ಮುಂದೆ ಬಂತು. ಹೊರಗೆ ಯಾರೋ ಎಲೆಗೆ ನೀರು ಚಿಮುಕಿಸುತ್ತಿದ್ದರು. ಅಜ್ಜ ಕಣ್ಣು ಮುಚ್ಚಿ ಕೂತಿದ್ದರು.

ತನ್ನ ಒಬ್ಬನ ಜೀವವಾಗಿದ್ದರೆ ಅವನು ಹಿಡಿಕೆ ಎತ್ತಿಬಿಡುತ್ತಿದ್ದ. ಅದು ತಿಳಿದು ಅವನಿಗೆ ಇನ್ನಷ್ಟು ಹೆದರಿಕೆಯಾಯಿತು.

ಹಿಡಿಕೆ ಬಿಟ್ಟ. ಮೈ ಓರೆ ಮಾಡಿ ನಿಂತು, ಗಾಜಿನ ಕೊಳವೆಯ ಬುಡದ ನಲ್ಲಿ ತಿರುಗಿಸಿದ. ಉಗಿ ಬುಸುಗುಟ್ಟಿತು. ಒಂದು ಹನಿ ನೀರೂ ಬೀಳಲಿಲ್ಲ. ಗಾಜಿನ ಮೇಲಿನ ಗೆರೆ ಮಾತ್ರ ಇದ್ದಲ್ಲೇ ಇತ್ತು. ಅದು ಹೊಳೆನೀರು ಬಿಟ್ಟುಹೋದ ಕಲೆ.

ಒಣ ಬಾಯ್ಲರಿಗೆ ಕರೆಂಟು ಹಚ್ಚಲು ಹೊರಟಿದ್ದೆ, ಅದೂ ಗುರುವಿನ ಬೆನ್ನಿಗೆ! ಸೋಮಲಿಂಗ ತಂತಿಯನ್ನು ಕಿತ್ತು ನೆಲಕ್ಕೆಸೆದ.

ಅಜ್ಜ ಎದ್ದು ಬಾಗಿಲಿಗೆ ಹೋಗಿ ಕೂಗಿದರು. "ಶಿವಕ್ಕಾ, ಕಟಗಿ ಒಲಿ ಹಚ್ಚವ್ವಾ. ಪ್ರಸಾದ ತಡ ಆಗತೈತಿ ಅಂತ ಜನಕ್ಕ ಹೇಳು."

ಜನ ತಡವಾಗಿ ಉಂಡರು. ಯಾರೂ ಏನೂ ಅನ್ನಲಿಲ್ಲ.

ಬಾಯ್ಲರ್ ಪೂರ್ತಿ ತಣ್ಣಗಾದ ಮೇಲೆ ಸೋಮಲಿಂಗ ಹೊಳೆಯಿಂದ ನೀರು ತರುವ ಕೊಳವೆ ಬಿಚ್ಚಿದ. ಅದರ ಜಾಲರಿಗೆ ಪಾಚಿ ಮೆತ್ತಿಕೊಂಡಿತ್ತು. ತೊಳೆದು, ನೀರು ತುಂಬಿದ.

"ಈಗ ಆ ಸ್ವಿಚ್ಚಿಗೆ ಮೀಟರ್ ಹಿಡಿ," ಎಂದರು ಅಜ್ಜ.

ಹಿಡಿದ. ಮೀಟರ್ ಕೂಗಿತು.

ಸೋಮಲಿಂಗ ಮೀಟರ್ ಕೆಳಗಿಟ್ಟು ಅಜ್ಜನ ಕಾಲು ಹಿಡಿದುಕೊಂಡ.

"ಅಜ್ಜಾರ, ಈ ಅಂಜಿಕಿ ಇಟ್ಕೊಂಡು ನಾ ಹೆಂಗ ಬಾಳ್ವಿ ಮಾಡ್ಲಿ? ಇದು ನನ್ನಿಂದ ಹೋಗೂ ಹಂಗ ಮಾಡ್ರಿ."

ಅಜ್ಜ ಬಗ್ಗಿ ನೆಲದ ಮೇಲಿದ್ದ ತಂತಿಯ ತುಂಡನ್ನು ಎತ್ತಿಕೊಂಡರು. ಅದರ ಸೊಟ್ಟವನ್ನು ಬೆರಳಿನಿಂದ ನಿಧಾನವಾಗಿ ತಿದ್ದಿದರು.

"ತೋರ್ಸಪಾ, ನಿನ್ನೊಳಗ ಇದನ್ನ ಎಲ್ಲಿ ಕಟ್ಟಲಿ?"