ಏಡಿ ಸಾರು

“ಗುರುಗಳೇ, ಪ್ರೀತಿಯಿಂದ ಕೊಟ್ಟದ್ದೂ ಕೆಡುಕು ಮಾಡುತ್ತದೆಯೇ?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಕಾಡಿನೊಳಗಿನ ಗಿರಿಜನರ ಹಾಡಿಯಲ್ಲಿ ಒಬ್ಬ ಅಜ್ಜಿ ಇದ್ದಳು. ಮಕ್ಕಳಿಗೆ ಹಾಲು ಬಿಡಿಸುವ ಹೊತ್ತಿಗೆ ಏಡಿ ಸಾರಿನ ರುಚಿ ಹತ್ತಿಸುವುದು ಅವಳ ಜನರ ರೂಢಿ. ಅವಳ ಮಗಳೂ ಅದನ್ನೇ ಉಂಡು ಬೆಳೆದವಳು. ಮದುವೆಯಾದ ಮೇಲೆ ಮಗಳು ಕಾಡಿನ ಜನರಿಗೆಂದು ಸರ್ಕಾರ ಕಾಡಿನಾಚೆ ಕಟ್ಟಿದ ಕಾಲೊನಿಗೆ ಹೋದಳು. ಅಲ್ಲಿ ಹಳ್ಳವಿಲ್ಲ, ಗೆಡ್ಡೆ ಅಗೆಯುವ ನೆಲವಿಲ್ಲ. ಅವಳ ಮಗು ರೇಷನ್ ಅಕ್ಕಿ, ಅಂಗಡಿ ಬಿಸ್ಕತ್ತು ತಿಂದುಕೊಂಡೇ ಐದು ವರ್ಷದ್ದಾಯಿತು.

ಒಮ್ಮೆ ಮಗಳು ಮಗುವಿನೊಂದಿಗೆ ತವರಿಗೆ ಬಂದಳು. ಅಜ್ಜಿಗೆ ಹಿಗ್ಗೋ ಹಿಗ್ಗು. ಹಳ್ಳಕ್ಕಿಳಿದು, ಕಲ್ಲು ಮಗುಚಿ, ಏಡಿ ಹಿಡಿದು ತಂದಳು. ಸಾರು ಕಾಯಿಸಿ, ರಾಗಿ ಮುದ್ದೆ ಮುರಿದು, ತಾನೇ ತುತ್ತಿಟ್ಟಳು. ಮಗು ತುಟಿ ಕೆರೆದುಕೊಂಡಿತು. ಖಾರವಾಗಿರಬೇಕೆಂದುಕೊಂಡು ಇನ್ನೊಂದು ತುತ್ತಿಟ್ಟಳು. ನೋಡನೋಡುತ್ತ ಮುಖ ಊದಿತು, ಮೈಯೆಲ್ಲ ದದ್ದು ಎದ್ದಿತು, ಉಸಿರು ಕಟ್ಟತೊಡಗಿತು. ಮಗಳು ಮಗುವನ್ನು ಎತ್ತಿಕೊಂಡು ಓಡಿದಳು. ದಾರಿಯಲ್ಲಿ ಜೀಪೊಂದು ಸಿಕ್ಕಿದ್ದರಿಂದ ಬೇಗ ಆಸ್ಪತ್ರೆ ಮುಟ್ಟಿ ಜೀವ ಉಳಿಯಿತು.

ಡಾಕ್ಟರು ಅಲರ್ಜಿ ಎಂದರು. ಎಳವೆಯಿಂದ ತಿಂದಿದ್ದರೆ ಒಗ್ಗುತ್ತಿತ್ತೋ ಏನೋ, ಖಚಿತವಾಗಿ ಹೇಳಲಾರೆ, ಇನ್ನು ಮೇಲೆ ಏಡಿ ಮಾತ್ರ ಕೊಡಲೇಬೇಡಿ ಎಂದು ಹೇಳಿ ಕಳಿಸಿದರು.

ತಾಯಿ ಮಗು ಹಾಡಿಗೆ ಮರಳಿದ ಮೇಲೆ ಅಜ್ಜಿ ಮಗುವಿನ ಹತ್ತಿರ ಸುಳಿಯಲಿಲ್ಲ. “ನನ್ನ ಕೈಯಾರೆ ಆಯ್ತಲ್ಲ ಮಗಳೇ. ಇನ್ನು ಈ ಕೈಯಿಂದ ಅದಕ್ಕೆ ಏನೂ ಕೊಡೋದಿಲ್ಲ” ಎಂದಳು.

ಮಗಳು ಮಗುವನ್ನು ತಂದು ಅವಳ ಮಡಿಲಲ್ಲಿ ಕೂರಿಸಿದಳು. “ನೀನೂ ಕೊಡದೆ ಹೋದರೆ, ನಮ್ಮ ಊಟ ಯಾವುದು ಅಂತ ಇದಕ್ಕೆ ಯಾರು ತೋರಿಸ್ತಾರೆ ಅವ್ವ?”

ಮರುದಿನ ಅಜ್ಜಿ ಒಂದು ಗೆಡ್ಡೆ ಸುಟ್ಟಳು. ಚೂರೇ ಚೂರು ಮಗುವಿನ ಬಾಯಿಗಿಟ್ಟು, ತಟ್ಟೆ ಬದಿಗೆ ಸರಿಸಿ, ಅದರ ಮುಖವನ್ನೇ ನೋಡುತ್ತ ಕುಳಿತಳು. ಮಗು ಇನ್ನೂ ಬೇಕೆಂದು ಹಟ ಹಿಡಿಯಿತು. ಸ್ವಲ್ಪ ತಾಳು ಕಂದ ಎಂದಳು. ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ಇನ್ನೊಂದು ಚೂರು ಕೊಟ್ಟಳು. ಅದರ ಮರುದಿನ ಒಂದು ಸೊಪ್ಪು. ಹೀಗೆ ದಿನಕ್ಕೊಂದೇ. ಮಗು ಹೊರಟು ನಿಂತಾಗ ಕಾಡಿನ ಏಳು ಬಗೆಯ ತಿನಿಸಿನ ಹೆಸರು ಹೇಳುತ್ತಿತ್ತು. ಅದು ಮನೆಯಲ್ಲಿದ್ದಷ್ಟು ದಿನ ಅಜ್ಜಿ ಹಳ್ಳದ ಕಡೆ ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ತಪ್ಪು ಅಜ್ಜಿಯದೋ, ಕಾಲೊನಿಯ ಊಟದ್ದೋ?” ಎಂದು ಶಿಷ್ಯ ಕೇಳಿದ.

“ಬಡಿಸುವಾಗ ನೀನು ಎಲೆ ನೋಡುತ್ತೀಯೋ, ಉಣ್ಣುವವರ ಮುಖ ನೋಡುತ್ತೀಯೋ?” ಎಂದರು ಗುರುಗಳು.