ಸ್ಪಷ್ಟ ಚಿತ್ರದ ಪರದೆ

ಕುಸಿದ ಕಲ್ಲುಗಣಿಯೊಳಗೆ ಸಿಕ್ಕಿಬಿದ್ದಿದ್ದ ಇಬ್ಬರು ಕೆಲಸಗಾರರಿಗೆ ಕಿರಿದಾದ ಸಂದಿಯಲ್ಲಿ ನುಸುಳಬಲ್ಲ ಒಂದು ಪುಟ್ಟ ಗಾಡಿ ನೀರು ಒಯ್ಯುತ್ತಿತ್ತು. ಗಾಡಿಯಲ್ಲಿ ಚಾಲಕರಿರಲಿಲ್ಲ. ಗಣಿಯ ಹೊರಗೆ ಕೂತ ಗಂಗಾಂಬಿಕೆ ಪರದೆ ನೋಡುತ್ತ ಅದನ್ನು ನಡೆಸುತ್ತಿದ್ದಳು. ಪರದೆಯ ಚಿತ್ರ ಮಸುಕು. ಆದರೂ ಗಾಡಿ ಎರಡು ಸಲ ಹೋಗಿ ಬಂದಿತ್ತು. ಮೂರನೆಯ ಸಲಕ್ಕೆ ಹೊಸ ಪರದೆ ಬಂತು.

“ನಾನು ಗೋಡೆಯ ಕೂದಲೆಳೆಯಂಥ ಬಿರುಕನ್ನೂ ತೋರಿಸುತ್ತೇನೆ,” ಎಂದಿತು ಹೊಸದು.

“ನನ್ನ ಚಿತ್ರ ಆ ಕ್ಷಣಕ್ಕೇ ಬರುತ್ತದೆ. ಅಷ್ಟು ದೊಡ್ಡ ಚಿತ್ರ ಬಂದು ಮುಟ್ಟಲು ಎಷ್ಟು ಹೊತ್ತು?” ಎಂದು ಹಳೆಯದು ಕೇಳಿತು.

“ಬರೀ ಮೂರು ಸೆಕೆಂಡು. ಚೆಂದ ಬೇಕೆಂದರೆ ಕಾಯಬೇಕಪ್ಪ.”

ಗಂಗಾಂಬಿಕೆಗೆ ಹೊಸ ಚಿತ್ರ ಹಿಡಿಸಿತು. ಗಾಡಿಯನ್ನು ಜೋರಾಗಿಯೇ ಬಿಟ್ಟಳು.

“ಅಮ್ಮಾ, ನಿಲ್ಲಿಸಿ! ಮುಂದೆ ನೆಲ ಈಗಷ್ಟೇ ಕುಸಿದಿದೆ!” ಎಂದು ಗಾಡಿ ಕೂಗಿತು.

“ಸುಳ್ಳು. ದಾರಿ ಚೊಕ್ಕಟವಾಗಿದೆ, ನೀವೇ ನೋಡಿ,” ಎಂದಿತು ಹೊಸ ಪರದೆ.

ಗಂಗಾಂಬಿಕೆ ಕಣ್ಣನ್ನೇ ನಂಬಿದಳು. ಗಾಡಿ ಗುಂಡಿಗೆ ಉರುಳಿತು. ಮೂರು ಸೆಕೆಂಡು ಕಳೆದ ಮೇಲೆ ಪರದೆಯ ಮೇಲೆ ಗುಂಡಿ ಕಾಣಿಸಿತು. ಅವಳು ಗಾಬರಿಯಾಗಿ ಬ್ರೇಕ್ ಒತ್ತಿದಳು.

“ಅಕ್ಕಾ, ನೀರು ಎಲ್ಲಿಗೆ ಬಂತು?” ಒಳಗಿನಿಂದ ಫೋನಿನಲ್ಲಿ ಕ್ಷೀಣ ದನಿ ಕೇಳಿತು.

ಅವಳು ಬಾಯಿ ತೆರೆಯುವ ಮೊದಲೇ ಹೊಸ ಪರದೆ ಹೆಮ್ಮೆಯಿಂದ ಹೇಳಿತು: “ಚೆಲ್ಲಿದ ಒಂದೊಂದು ಹನಿಯೂ ಎಷ್ಟು ಸ್ಪಷ್ಟವಾಗಿ ಕಾಣುತ್ತಿದೆ, ಗೊತ್ತಾ!”

ಗಂಗಾಂಬಿಕೆ ಅದರ ವೈರು ಕಿತ್ತಳು. ಮಸುಕು ಪರದೆಯ ಮುಂದೆ ಕೂತು, ಇನ್ನೊಂದು ಗಾಡಿಯನ್ನು ಮೆಲ್ಲಗೆ ಒಳಗೆ ಬಿಟ್ಟಳು.